ಡಯಾಬ್ಲೊದ್ವಯ ಮೀಮಾಂಸೆ ಅಥವಾ ನಲವತ್ತು ಚೌಕದ ಚೀಲ

ಡಯಾಬ್ಲೊ ಎಂಬ ಆಟಗಳು ಎರಡು. ಮೂರನೆಯದೂ ನಾಲ್ಕನೆಯದೂ ಇವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಇದ್ದುಕೊಳ್ಳಲಿ. ಪೂರ್ವಪುರಾಣ, ಉತ್ತರಪುರಾಣ ಎಂಬ ಸಂಪ್ರದಾಯವನ್ನು ಅನುಸರಿಸಿ ಮೊದಲನೆಯದನ್ನು ಪೂರ್ವಡಯಾಬ್ಲೊ ಎಂದೂ ಎರಡನೆಯದನ್ನು ಉತ್ತರಡಯಾಬ್ಲೊ ಎಂದೂ ಇಲ್ಲಿ ಕರೆಯಲಾಗಿದೆ. ಪಾರಾಯಣಕ್ರಮ ಎರಡಕ್ಕೂ ಒಂದೇ: ಬಲಗೈಯ ತೋರುಬೆರಳು ಮೌಸಿನ ಎಡಗುಂಡಿಯ ಮೇಲೆ, ಎಡಗೈ ಬೆರಳುಗಳು ಕೀಬೋರ್ಡಿನ ಅಂಕಿಗಳ ಮೇಲೆ, ಬೆನ್ನು ಗೂನು, ಊಟ ತಣ್ಣಗೆ.

ಪೂರ್ವಡಯಾಬ್ಲೊದಲ್ಲಿ ಟ್ರಿಸ್ಟ್ರಮ್ ಎಂಬ ಸೊರಗಿದ ಊರು. ಅಲ್ಲೊಂದು ಹಳೆಯ ಚರ್ಚು. ಅದರ ಕೆಳಗೆ ನಾಲ್ಕು ಅಂತಸ್ತು ಚರ್ಚಿನ ನೆಲಮಾಳಿಗೆ, ನಾಲ್ಕು ಅಂತಸ್ತು ಗೋರಿಗಳು, ನಾಲ್ಕು ಅಂತಸ್ತು ಗುಹೆ, ನಾಲ್ಕು ಅಂತಸ್ತು ನರಕ. ಒಟ್ಟು 16. ನಾಯಕ ಇಳಿಯುತ್ತಾನೆ, ತಳದಲ್ಲಿರುವ ಡಯಾಬ್ಲೊನನ್ನು ಕೊಲ್ಲುತ್ತಾನೆ. ಆದ್ದರಿಂದ ಇದು ದುಷ್ಟಸಂಹಾರದ ಕಥೆ ಎಂದು ಲೋಕವೆಲ್ಲ ನಂಬಿದೆ. ಇದು ಪೂರ್ವಪಕ್ಷ. ಇದನ್ನು ಖಂಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಸಿದ್ಧಾಂತದ ಪ್ರಕಾರ ಇದು ಸಂಹಾರದ ಕಥೆಯಲ್ಲ, ಸಾಮಾನಿನ ಕಥೆ. ರಾಕ್ಷಸ ನಿಮಿತ್ತಮಾತ್ರ. ಕಥಾನಾಯಕ ಚೀಲ.

ಸಿದ್ಧಾಂತಕ್ಕೆ ಹೋಗುವ ಮುನ್ನ ಕವಿ, ಕಾಲ, ದೇಶ ಹೇಳಲೇಬೇಕು. ಹೇಳದಿದ್ದರೆ ಪ್ರಬಂಧ ಅಂತ ಯಾರೂ ಒಪ್ಪುವುದಿಲ್ಲ.

ಪಂಪ ತನ್ನ ಕಾವ್ಯದ ಕಾಲವನ್ನು ತಾನೇ ಬರೆದಿಟ್ಟು ಪುಣ್ಯ ಕಟ್ಟಿಕೊಂಡ. ಡಯಾಬ್ಲೊದ ವಿಷಯದಲ್ಲಿ ಹಾಗಿಲ್ಲ. ಪೂರ್ವಡಯಾಬ್ಲೊ ಅಂಗಡಿಗೆ ಬಂದದ್ದು 1996ರ ಡಿಸೆಂಬರ್ ಕೊನೆಗೆ ಎಂದು ಒಂದು ಪಕ್ಷ, 1997ರ ಜನವರಿ ಮೊದಲ ವಾರ ಎಂದು ಇನ್ನೊಂದು ಪಕ್ಷ. ನಡುವಿನ ಅಂತರ ಕೆಲವೇ ದಿನ. ಇಷ್ಟು ಸಣ್ಣದಕ್ಕೆ ಜಗಳವಾಡುವ ಅಭ್ಯಾಸ ಕನ್ನಡ ಸಂಶೋಧಕರಿಗಿಲ್ಲ; ನಮ್ಮಲ್ಲಿ ಕೈ ಮಿಲಾಯಿಸಬೇಕಾದರೆ ಕನಿಷ್ಠ ನೂರು ವರ್ಷದ ವ್ಯತ್ಯಾಸವಾದರೂ ಬೇಕು. ಉತ್ತರಡಯಾಬ್ಲೊದ ಕಾಲ 2000ದ ಜೂನ್ ಕೊನೆಯ ವಾರ. ಅದರಲ್ಲಿ ವಿವಾದವಿಲ್ಲ, ಹಾಗಾಗಿ ನಮಗೆ ಆಸಕ್ತಿಯೂ ಇಲ್ಲ.

ಕವಿಗಳು ಡೇವಿಡ್ ಬ್ರೆವಿಕ್ ಮತ್ತು ಎರಿಕ್ ಶೇಫರ್, ಮ್ಯಾಕ್ಸ್ ಶೇಫರ್ ಎಂಬ ಸೋದರರು. ಇವರ ಮೂಲಮಠದ ಹೆಸರು ಕಾಂಡೋರ್; 1996ರಲ್ಲಿ ಬ್ಲಿಜಾರ್ಡ್ ಸಂಸ್ಥೆ ಇವರನ್ನು ಕೊಂಡುಕೊಂಡ ಮೇಲೆ ಬ್ಲಿಜಾರ್ಡ್ ನಾರ್ತ್ ಎಂದಾಯಿತು. ಗುರುಪರಂಪರೆ ಇನ್ನೂ ಹಿಂದಿನದು. 1980ರ ‘ರೋಗ್’, ಅದರ ಶಿಷ್ಯ ‘ಮೋರಿಯಾ’, ಅದರ ಪ್ರಶಿಷ್ಯ ‘ಆಂಗ್‌ಬ್ಯಾಂಡ್’. ಈ ಆಟಗಳಲ್ಲಿ ಚಿತ್ರವೇ ಇಲ್ಲ. ರಾಕ್ಷಸರೆಲ್ಲ ರೋಮನ್ ಅಕ್ಷರಗಳು, ನಾಯಕ ಮಾತ್ರ ಇಮೇಲ್ ವಿಳಾಸದ ನಡುವೆ ಬರುವ ಆ ಸುರುಳಿ ಚಿಹ್ನೆ. ಅಕ್ಷರವೇ ರಾಕ್ಷಸ ಎಂಬ ಸತ್ಯ ಒಂದನೇ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತು; ಅದನ್ನು ಆಟ ಮಾಡಿದ ಕೀರ್ತಿ ಅಮೆರಿಕದವರಿಗೆ ಸಂದಿತು.

ಇನ್ನು ದೇಶ. ಡಯಾಬ್ಲೊ ಎಂದರೆ ಸ್ಪ್ಯಾನಿಷ್‌ನಲ್ಲಿ ಸೈತಾನ. ಆದರೆ ಬ್ರೆವಿಕ್ ಹೆಸರನ್ನು ಎತ್ತಿಕೊಂಡದ್ದು ಧರ್ಮಗ್ರಂಥದಿಂದಲ್ಲ, ಮನೆಯ ಹತ್ತಿರದ ಬೆಟ್ಟದಿಂದ. ಕ್ಯಾಲಿಫೋರ್ನಿಯಾದಲ್ಲಿ ಮೌಂಟ್ ಡಯಾಬ್ಲೊ ಎಂಬ ಬೆಟ್ಟವಿದೆ, ಎತ್ತರ 3,849 ಅಡಿ. ನಮ್ಮ ನಂದಿಬೆಟ್ಟಕ್ಕಿಂತ ಸುಮಾರು ಸಾವಿರ ಅಡಿ ಕುಳ್ಳು. ಅಂದರೆ ಚಿಕ್ಕಬಳ್ಳಾಪುರದ ಯಾವನಾದರೂ ಆ ಕಾಲದಲ್ಲಿ ಸ್ವಲ್ಪ ಚುರುಕಾಗಿದ್ದಿದ್ದರೆ ಜಗತ್ತಿನ ಹುಡುಗರೆಲ್ಲ ಇಂದು ರಾತ್ರಿಯಿಡೀ ನಿದ್ದೆಗೆಟ್ಟು ‘ನಂದಿ’ ಆಡುತ್ತಿದ್ದರು, ಅದೂ ಸಾವಿರ ಅಡಿ ಹೆಚ್ಚಿಗೆ. ಈ ನಷ್ಟದ ಬಗ್ಗೆ ಇದುವರೆಗೆ ಯಾರೂ ಬರೆದಿಲ್ಲ.

ರಚನೆಯ ಬಗ್ಗೆ ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮೊದಲು ಇದು ಚೌಕಾಬಾರದಂತೆ ಸರದಿಯ ಆಟವಾಗಿತ್ತು: ನೀನೊಂದು ಹೆಜ್ಜೆ, ರಾಕ್ಷಸನೊಂದು ಹೆಜ್ಜೆ. ಸರದಿ ತೆಗೆಯಿರಿ, ಎಲ್ಲ ಒಟ್ಟಿಗೇ ನಡೆಯಲಿ ಎಂದು ಬ್ಲಿಜಾರ್ಡ್‌ನವರು ಒತ್ತಾಯಿಸಿದರು. ಬ್ರೆವಿಕ್ ಮೊದಲು ಒಪ್ಪಲಿಲ್ಲ. ಅದಕ್ಕೆ ಹೆಚ್ಚು ಸಮಯ ಬೇಕು, ದುಡ್ಡು ಬೇಕು ಎಂದರು. ಆಮೇಲೆ ಒಂದು ಮಧ್ಯಾಹ್ನ ಕೂತು ಕೆಲವೇ ಗಂಟೆಯಲ್ಲಿ ಮುಗಿಸಿಬಿಟ್ಟರು. ಮುಗಿಸಿ ಒಂದು ಅಸ್ಥಿಪಂಜರದ ಮೇಲೆ ಮೌಸ್ ಒತ್ತಿದರು. ನಾಯಕ ತಾನಾಗಿ ನಡೆದುಹೋಗಿ ಅದನ್ನು ಪುಡಿಪುಡಿ ಮಾಡಿದ. ಆ ಒಂದು ಒತ್ತಿನಿಂದಲೇ ಒಂದು ಪ್ರಕಾರ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಎಸ್ಟಿಮೇಟ್ ದೊಡ್ಡದು ಕೊಟ್ಟು ಕೆಲಸ ಮಧ್ಯಾಹ್ನಕ್ಕೆ ಮುಗಿಸುವ ಕಲೆ ಬೆಂಗಳೂರಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಪ್ರಸ್ತುತ ಲೇಖಕ ಬಳಸಿದ ಪ್ರತಿಗಳ ವಿಚಾರ. ಪೂರ್ವಡಯಾಬ್ಲೊದ ಪ್ರತಿ ಒಂದು ಸಿಡಿ. ಅದರ ಮೇಲೆ ಯಾರೋ ನೀಲಿ ಮಾರ್ಕರ್‌ನಲ್ಲಿ ‘ಡಯಬಲೊ’ ಎಂದು ಇಂಗ್ಲಿಷ್‌ನಲ್ಲಿ ತಪ್ಪಾಗಿ ಬರೆದಿದ್ದರು. ಲಿಪಿಕಾರನ ಪ್ರಮಾದ. ಉತ್ತರಡಯಾಬ್ಲೊದ ಮೂಲಪ್ರತಿ ಮೂರು ಸಿಡಿಗಳದು: ಒಂದು ಹಾಕುವುದಕ್ಕೆ, ಒಂದು ಆಡುವುದಕ್ಕೆ, ಒಂದು ಕಥೆಯ ದೃಶ್ಯಗಳಿಗೆ. ನನಗೆ ಸಿಕ್ಕ ನಕಲಿನಲ್ಲಿ ಮೂರನೆಯದು ಇರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವನು, ‘ಅದು ಬರೀ ಪಿಕ್ಚರ್ ಸಾರ್, ಆಟಕ್ಕೇನೂ ಬೇಡ’ ಎಂದ. ತಾಳೆಗರಿಯಾಗಿದ್ದರೆ ಗೆದ್ದಲು ತಿಂದಿದೆ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಹೀಗೆ ಕಥಾಭಾಗ ಪೂರ್ತಿ ಲುಪ್ತವಾದ ಪ್ರತಿಯಿಂದ ನಾನು ಉತ್ತರಡಯಾಬ್ಲೊವನ್ನು ಅಧ್ಯಯನ ಮಾಡಿದೆ. ಅಲ್ಲೆಲ್ಲೋ ಕಪ್ಪು ಮುಸುಕಿನವನೊಬ್ಬ ಊರೂರು ಅಲೆಯುತ್ತಾನೆ, ಅವನು ಹೋದಲ್ಲೆಲ್ಲ ಅನಾಹುತವಾಗುತ್ತದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಗಮನವೆಲ್ಲ ಚೀಲದ ಕಡೆಗೆ ಹೋಯಿತು, ಸಿದ್ಧಾಂತ ಹುಟ್ಟಿತು. ಕಥೆ ತಿಳಿದವರಿಗೆ ಈ ಭಾಗ್ಯವಿಲ್ಲ.

ಪಾಠಾಂತರಗಳ ಸಮಸ್ಯೆ ಡಯಾಬ್ಲೊದಲ್ಲಿ ವಿಲಕ್ಷಣವಾದದ್ದು. ಪೂರ್ವಡಯಾಬ್ಲೊದ ಎರಡನೇ ಅಂತಸ್ತಿನಲ್ಲಿ ಕಟುಕನೊಬ್ಬನಿದ್ದಾನೆ. ನೆತ್ತರು ಬಳಿದ ಕೋಣೆ, ಬಾಗಿಲು ತೆಗೆದ ಕೂಡಲೇ ‘ಹಸಿಮಾಂಸ ಬಂತು’ ಎನ್ನುವ ಅರ್ಥದಲ್ಲಿ ಖುಷಿಪಟ್ಟುಕೊಂಡು ಓಡಿಬರುತ್ತಾನೆ. ಗೆಳೆಯನಿಗೆ ಇದನ್ನು ವರ್ಣಿಸಿದೆ. ಅವನು, ‘ಎರಡನೇ ಲೆವೆಲ್‌ನಲ್ಲಿ ಕಟುಕನೂ ಇಲ್ಲ, ಏನೂ ಇಲ್ಲ, ನೀನು ಸುಳ್ಳು ಹೇಳ್ತೀಯ’ ಎಂದ. ಎರಡು ವಾರ ಮಾತು ಬಿಟ್ಟೆವು. ಆಮೇಲೆ ತಿಳಿಯಿತು: ಒಬ್ಬರೇ ಆಡುವಾಗ ಪ್ರತಿ ಹೊಸ ಆಟಕ್ಕೂ ಯಂತ್ರ ನೆಲಮಾಳಿಗೆಯ ಗೋಡೆಗಳನ್ನು ಹೊಸದಾಗಿ ಕಟ್ಟುವುದಲ್ಲದೆ ಉಪಕಥೆಗಳನ್ನೂ ತನಗೆ ಬೇಕಾದಂತೆ ಆರಿಸಿಕೊಳ್ಳುತ್ತದೆ. ಅವನ ಪಾಠದಲ್ಲಿ ಕಟುಕ ನಿಜಕ್ಕೂ ಇರಲಿಲ್ಲ. ಎರಡೂ ಪಾಠ ಶುದ್ಧ. ಗ್ರಂಥಸಂಪಾದನೆಯನ್ನೇ ವೃತ್ತಿ ಮಾಡಿಕೊಂಡವರು ಈ ಆಟದಿಂದ ದೂರವಿರುವುದು ಒಳ್ಳೆಯದು. 1997ರಲ್ಲಿ ಬಂದ ‘ಹೆಲ್‌ಫೈರ್’ ಎಂಬ ಪುರವಣಿಯನ್ನು ಬರೆದದ್ದು ಬ್ಲಿಜಾರ್ಡ್ ನಾರ್ತ್ ಅಲ್ಲ, ಸಿನರ್ಜಿಸ್ಟಿಕ್ ಎಂಬ ಬೇರೆ ಸಂಸ್ಥೆ. ಆದ್ದರಿಂದ ಅದು ಪ್ರಕ್ಷಿಪ್ತ. ಒಂದೇ ಮಾತಿನಲ್ಲಿ ಮುಗಿಯಿತು.

ಈಗ ಚೀಲ.

ಎರಡೂ ಆಟಗಳಲ್ಲಿ ನಾಯಕನ ಚೀಲ ಅಡ್ಡ ಹತ್ತು, ಉದ್ದ ನಾಲ್ಕು, ಒಟ್ಟು ನಲವತ್ತು ಚೌಕ. ಉಂಗುರ ಒಂದು ಚೌಕ, ಮದ್ದಿನ ಸೀಸೆ ಒಂದು ಚೌಕ, ಶಿರಸ್ತ್ರಾಣ ನಾಲ್ಕು, ಕವಚ ಎರಡಗಲ ಮೂರುದ್ದ ಸೇರಿ ಆರು. ಭಾರದ ಮಾತೇ ಇಲ್ಲ. ಉಕ್ಕಿನ ಕವಚ ಹೊತ್ತು ಹದಿನಾರು ಅಂತಸ್ತು ಇಳಿದರೂ ಬೆವರುವುದಿಲ್ಲ. ಇಲ್ಲಿ ಆಕಾರವೊಂದೇ ಸತ್ಯ. ನಲವತ್ತನ್ನು ಆರರಿಂದ ಭಾಗಿಸಿದರೆ ಆರು ಕವಚ ಹಿಡಿಯಬೇಕು. ಆದರೆ ಹಿಡಿಯುವುದು ಐದೇ. ಏಕೆಂದರೆ ಈ ಲೋಕದಲ್ಲಿ ಯಾವ ವಸ್ತುವನ್ನೂ ಅಡ್ಡ ತಿರುಗಿಸುವಂತಿಲ್ಲ. ಐದು ಕವಚಗಳ ಕೆಳಗೆ ಹತ್ತು ಚೌಕಗಳ ಒಂದು ಪಟ್ಟಿ ಉಳಿಯುತ್ತದೆ, ಉಂಗುರ ಸೀಸೆ ಬಿಟ್ಟು ಹೆಚ್ಚಿನದೇನೂ ಹಿಡಿಯದ ಪಟ್ಟಿ. ಹೊಸ ಮನೆಯಲ್ಲಿ ಬೀರುವಿಗೂ ಗೋಡೆಗೂ ನಡುವೆ ಉಳಿಯುತ್ತದಲ್ಲ, ಅಂಥದು.

ಈ ಅಧಿಕರಣದಲ್ಲಿ ನನಗೆ ಮಾರ್ಗದರ್ಶನ ಮಾಡಿದವರು ನಮ್ಮ ಅಜ್ಜಿ. ಕಂಪ್ಯೂಟರ್ ಇದ್ದದ್ದು ನಡುಮನೆಯಲ್ಲಿ, ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದ ಪೆಂಟಿಯಂ, ಮೇಲೆ ಕಸೂತಿ ಹಾಕಿದ ಬಟ್ಟೆ. ಅಜ್ಜಿ ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ರಾಕ್ಷಸರು ಸಾಯುವಾಗ ಅವರು ತಲೆಯೆತ್ತಿ ನೋಡಿದವರಲ್ಲ. ಚೀಲ ತೆರೆದ ಕೂಡಲೇ ಕನ್ನಡಕ ಸರಿಮಾಡಿಕೊಂಡರು.

‘ಅದೇನೋ ಅದು, ಕೆಳಗೆ ಬಿಟ್ಟುಬಿಟ್ಟೆ? ಎತ್ಕೋ.’

‘ಜಾಗ ಇಲ್ಲ ಅಜ್ಜಿ.’

‘ಅಲ್ಲಿದೆಯಲ್ಲೋ ಇಷ್ಟುದ್ದ. ಅಡ್ಡ ಮಲಗ್ಸು.’

‘ತಿರುಗಲ್ಲ ಅಜ್ಜಿ ಅದು.’

‘ತಿರುಗದ ಕತ್ತಿ ತಗೊಂಡು ಯುದ್ಧಕ್ಕೆ ಹೋಗ್ತಾನಾ ಅವ್ನು?’

ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಮೂರಕ್ಕೂ ಒಂದೇ ಟ್ರಂಕಿನಲ್ಲಿ ಐದು ಜನರ ಬಟ್ಟೆ, ಸ್ಟೋವು, ಹುಳಿಪುಡಿ, ಅವಲಕ್ಕಿ ತುಂಬಿಸಿಕೊಂಡು ಹೋಗಿಬಂದವರು ಅವರು. ಅವರ ಮೂಲಸೂತ್ರ ಸರಳ: ದೊಡ್ಡ ಚೊಂಬಿನೊಳಗೆ ಸಣ್ಣ ಚೊಂಬು, ಅದರೊಳಗೆ ಲೋಟ, ಲೋಟದೊಳಗೆ ಸೌಟಿನ ತುದಿ, ಎಲ್ಲದರ ಸುತ್ತ ಸೀರೆ. ಉತ್ತರಡಯಾಬ್ಲೊದ ಎರಡನೇ ಅಂಕದಲ್ಲಿ ಹೊರಾಡ್ರಿಕ್ ಕ್ಯೂಬ್ ಎಂಬ ಪೆಟ್ಟಿಗೆ ಸಿಗುತ್ತದೆ. ಚೀಲದಲ್ಲಿ ಅದು ಹಿಡಿಯುವುದು ನಾಲ್ಕು ಚೌಕ, ಅದರ ಹೊಟ್ಟೆಯೊಳಗೆ ಹನ್ನೆರಡು ಚೌಕ. ಈ ಪೆಟ್ಟಿಗೆ ವಸ್ತುಗಳನ್ನು ಬೆರೆಸಿ ಬೇರೆ ವಸ್ತು ಮಾಡುವ ರಸವಿದ್ಯೆಯ ಯಂತ್ರ ಎಂದು ಗ್ರಂಥ ಹೇಳುತ್ತದೆ. ಮೂರು ಸೀಳು ಮಾಣಿಕ್ಯ ಹಾಕಿದರೆ ಒಂದು ಒಳ್ಳೆಯ ಮಾಣಿಕ್ಯ ಬರುತ್ತದೆಯಂತೆ. ಬರಲಿ. ಎಂಟು ಚೌಕದ ಲಾಭ ಎಂದು ಒಂದೇ ನೋಟದಲ್ಲಿ ಕಂಡುಹಿಡಿದವರು ಅಜ್ಜಿ. ‘ಚೊಂಬು ಸಿಕ್ತಲ್ಲ, ಇನ್ನೇನು’ ಎಂದರು. ಇದನ್ನು ನಾವು ಚೊಂಬು-ಲೋಟ ನ್ಯಾಯ ಎಂದು ಕರೆಯುತ್ತೇವೆ. ಕಾಕತಾಳೀಯ, ದೇಹಲೀದೀಪ ಮುಂತಾದ ನ್ಯಾಯಗಳ ಪಟ್ಟಿಗೆ ಇದನ್ನು ಸೇರಿಸಿಕೊಳ್ಳಬೇಕೆಂದು ವಿನಂತಿ.

2001ರ ವಿಸ್ತರಣೆಯಲ್ಲಿ ತಾಯತಗಳು ಬಂದವು. ತಾಯತ ಚೀಲದೊಳಗೆ ಇದ್ದರೆ ಮಾತ್ರ ಫಲ. ಕ್ಯೂಬಿನೊಳಗೆ ಇಟ್ಟರೆ ಇಲ್ಲ. ಬಲ ಬೇಕೆಂದರೆ ಚೀಲ ತುಂಬ ತಾಯತ ಇಟ್ಟುಕೊಳ್ಳಬೇಕು, ಇಟ್ಟುಕೊಂಡರೆ ಆ ಬಲದಿಂದ ಗೆದ್ದದ್ದನ್ನು ಎತ್ತಿಕೊಳ್ಳಲು ಜಾಗವಿಲ್ಲ. ‘ತಾಯತ ತೋಳಿಗೆ ಕಟ್ಟಬೇಕು, ಚೀಲದಲ್ಲಿಟ್ರೆ ಯಾವ ದೇವ್ರು ಒಲೀತಾನೆ’ ಎಂದರು ಅಜ್ಜಿ. ಈ ಒಂದು ವಿಷಯದಲ್ಲಿ ಮೂಲಗ್ರಂಥಕ್ಕೂ ವ್ಯಾಖ್ಯಾನಕ್ಕೂ ವಿರೋಧವಿದೆ. ನಾನು ವ್ಯಾಖ್ಯಾನದ ಪರ.

ಆಕ್ಷೇಪ: ಚೀಲವೇ ಮುಖ್ಯವಾದರೆ ರಾಕ್ಷಸರೇಕೆ? ಸಮಾಧಾನ: ಸಾಮಾನು ಉದುರುವುದಕ್ಕೆ. ಸತ್ತವನ ಮೈಯಿಂದ ವಸ್ತು ಮೇಲೆ ಚಿಮ್ಮಿ, ಗಾಳಿಯಲ್ಲಿ ಮಗುಚಿ, ನೆಲಕ್ಕೆ ಬೀಳುತ್ತದೆ. ಒಂದೊಂದಕ್ಕೂ ಒಂದೊಂದು ಸದ್ದು. ಉಂಗುರ ಬಿದ್ದರೆ ಸಣ್ಣ ಟಿಂಗ್; ಆ ಟಿಂಗ್ ಕೇಳಿದರೆ ಪಕ್ಕದಲ್ಲಿ ಇನ್ನೂ ಆರು ರಾಕ್ಷಸರು ಬಡಿಯುತ್ತಿದ್ದರೂ ಕಣ್ಣು ನೆಲದ ಮೇಲೆ. ಚೀಲ ತುಂಬಿತೋ, ಪೋರ್ಟಲ್ ಸುರುಳಿ ಓದು, ನೀಲಿ ಬಾಗಿಲು ತೆರೆಯುತ್ತದೆ, ಊರಿಗೆ ಹೋಗು, ಮಾರು, ವಾಪಸು ಬಾ. ಸಾಕ್ಷಾತ್ ಡಯಾಬ್ಲೊನ ಎದುರು ನಿಂತಿದ್ದರೂ ನಡುವೆ ಹೋಗಿ ಒಂದು ಜೊತೆ ಬೂಟು ಮಾರಿ ಬರಬಹುದು. ಅವನು ಕಾಯುತ್ತಾನೆ. ಭಯದ ಅಧಿಪತಿ ಎಂಬ ಬಿರುದು ಅವನಿಗೆ. ಅವನಷ್ಟು ತಾಳ್ಮೆ ನಮ್ಮೂರ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲೂ ನಾನು ಕಂಡಿಲ್ಲ. ಪೂರ್ವಡಯಾಬ್ಲೊದ ನಾಯಕನಿಗಂತೂ ಓಡಲೇ ಬರುವುದಿಲ್ಲ. ಲೋಕ ಮುಳುಗುತ್ತಿರುವಾಗಲೂ ನಡೆದುಕೊಂಡೇ ಹೋಗುತ್ತಾನೆ, ಮೂರನೇ ಪಂಕ್ತಿಗೆ ಹೇಗೂ ಜಾಗ ಸಿಗುತ್ತದೆ ಎಂದು ತಿಳಿದವನ ನಡಿಗೆ. ಊರಲ್ಲಿ ಮ್ಯಾಟ್ ಯೂಲ್ಮೆನ್ ಅವರ ಹನ್ನೆರಡು ತಂತಿಯ ಗಿಟಾರು ಅದೇ ಲಯದಲ್ಲಿ ನುಡಿಯುತ್ತಿರುತ್ತದೆ. ಇದೊಂದು ಕಡೆ ನಾನು ಗೇಲಿ ಮಾಡಲಾರೆ. ಇಪ್ಪತ್ತು ವರ್ಷದ ಮೇಲೂ ಆ ನಾದ ಕಿವಿಗೆ ಬಿದ್ದರೆ ನಡುಮನೆಯ ಹುರುಳಿಕಾಯಿಯ ಹಸಿ ವಾಸನೆ ಬರುತ್ತದೆ.

ಪೂರ್ವಡಯಾಬ್ಲೊದಲ್ಲಿ ಸಾಮಾನಿಡಲು ಪೆಟ್ಟಿಗೆ ಸಹ ಇಲ್ಲ. ಹಾಗಾಗಿ ಎಲ್ಲರೂ ಟ್ರಿಸ್ಟ್ರಮ್‌ನ ನಡುಬೀದಿಯಲ್ಲೇ ಹರವುತ್ತಿದ್ದೆವು. ಬಾವಿಯ ಪಕ್ಕ ಕತ್ತಿಗಳು, ಕಮ್ಮಾರ ಗ್ರಿಸ್‌ವೋಲ್ಡನ ಬಾಗಿಲಿಂದ ಆಚೆಗೆ ಗುರಾಣಿಗಳು, ಹುಲ್ಲಿನ ಮೇಲೆ ಚಿನ್ನದ ಗುಡ್ಡೆಗಳು. ಯಾರೂ ಕದಿಯುವುದಿಲ್ಲ. ಕೆಳಗೆ ನರಕ, ಮೇಲೆ ರಾಮರಾಜ್ಯ. ಚಿನ್ನವನ್ನು ಬೀದಿಗೆ ಸುರಿಯುವ ಗತಿ ಯಾಕೆ ಬಂತೆಂದರೆ ಚಿನ್ನಕ್ಕೂ ಚೌಕ ಬೇಕು: 5,000ಕ್ಕೆ ಒಂದು. ಎರಡು ಲಕ್ಷ ಗಳಿಸಿದವನ ಚೀಲದಲ್ಲಿ ಚಿನ್ನ ಬಿಟ್ಟು ಬೇರೇನೂ ಇರುವಂತಿಲ್ಲ. ಉತ್ತರಡಯಾಬ್ಲೊದಲ್ಲಿ ಚಿನ್ನಕ್ಕೆ ಚೌಕ ಬೇಡವೆಂದರು. ಬೇಡವೆಂದ ದಿನವೇ ಅದರ ಮರ್ಯಾದೆ ಹೋಯಿತು. ಜಾಗ ಹಿಡಿಯದ್ದಕ್ಕೆ ಬೆಲೆ ಯಾರು ಕೊಡುತ್ತಾರೆ? ಬ್ಯಾಟಲ್‌ನೆಟ್‌ನಲ್ಲಿ ಕೂಡಿ ಆಡುವವರು ಚಿನ್ನ ಬಿಟ್ಟು ಸ್ಟೋನ್ ಆಫ್ ಜೋರ್ಡನ್ ಎಂಬ ಉಂಗುರವನ್ನೇ ನಾಣ್ಯವಾಗಿ ನಡೆಸತೊಡಗಿದರು. ಒಂದು ಉಂಗುರ, ಒಂದು ಚೌಕ, ಲೆಕ್ಕ ಸುಲಭ. ಖೋಟಾ ನಾಣ್ಯದವರು ಬಂದರು, ಒಂದು ಉಂಗುರಕ್ಕೆ ಹತ್ತು ನಕಲು ಹುಟ್ಟಿತು. 2003ರಲ್ಲಿ ಬ್ಲಿಜಾರ್ಡ್ ಒಂದು ಉಪಾಯ ಹೂಡಿತು: ಉಂಗುರಗಳನ್ನು ವ್ಯಾಪಾರಿಗೆ ಮಾರಿ, ಸಾಕಷ್ಟು ಸೇರಿದ ಮೇಲೆ ಬಲಿಷ್ಠ ಡಯಾಬ್ಲೊನೊಬ್ಬ ಭೂಮಿಗಿಳಿಯುತ್ತಾನೆ, ಅವನನ್ನು ಕೊಂದರೆ ಅಪರೂಪದ ತಾಯತ. ಇಷ್ಟು ಉಂಗುರ ಮಾರಾಟವಾಯಿತು ಎಂದು ಪರದೆಯ ಮೇಲೆ ಡಂಗುರ ಬೇರೆ. ಜನ ಸಾಲುಗಟ್ಟಿದರು. ನಮ್ಮಲ್ಲಿ ನೋಟು ಕೊಡಲು ಸಾಲು ನಿಂತದ್ದು ಇದಾಗಿ ಹದಿಮೂರು ವರ್ಷಕ್ಕೆ, ತಾಯತ ಇರಲಿಲ್ಲ.

ಜ್ಞಾನಮೀಮಾಂಸೆಯ ದೃಷ್ಟಿಯಿಂದಲೂ ಒಂದು ಮಾತು. ಮಾಂತ್ರಿಕ ವಸ್ತು ಕೈಗೆ ಸಿಕ್ಕರೂ ಅದರ ಗುಣ ತಿಳಿಯುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಪ್ರತ್ಯಕ್ಷವಿದೆ. ಬಣ್ಣ ನೋಡಿ ಒಳ್ಳೆಯದಿರಬಹುದು ಎನ್ನಬಹುದು, ಅನುಮಾನವಿದೆ. ಆದರೆ ಗುರುತು ಹಿಡಿಯುವ ಸುರುಳಿಯ ಶಬ್ದ ಓದುವವರೆಗೆ ಅದು ಏನೆಂದು ತಿಳಿಯದು. ಶಬ್ದಪ್ರಮಾಣ ಪ್ರತ್ಯಕ್ಷಕ್ಕಿಂತ ಮೇಲು ಎಂದು ಬ್ಲಿಜಾರ್ಡ್ ನಾರ್ತ್‌ನವರು ತೀರ್ಮಾನಿಸಿದಂತಿದೆ. ಚಾರ್ವಾಕರು ಈ ಆಟ ಗೆಲ್ಲಲಾರರು. ಸುರುಳಿ ಇಲ್ಲದವರಿಗೆ ಡೆಕಾರ್ಡ್ ಕೇನ್ ಎಂಬ ಮುದುಕರಿದ್ದಾರೆ. ಪೂರ್ವಡಯಾಬ್ಲೊದಲ್ಲಿ ವಸ್ತುವೊಂದಕ್ಕೆ 100 ಚಿನ್ನ ತೆಗೆದುಕೊಳ್ಳುತ್ತಾರೆ. ಉತ್ತರಡಯಾಬ್ಲೊದಲ್ಲಿ ಸುಟ್ಟುಹೋದ ಟ್ರಿಸ್ಟ್ರಮ್‌ಗೆ ಹೋಗಿ ಪಂಜರದಿಂದ ಬಿಡಿಸಿದರೆ ಆಮೇಲೆ ಪುಕ್ಕಟೆ. ಪುಕ್ಕಟೆ ಎಂದರೆ ಪೂರ್ತಿ ಪುಕ್ಕಟೆಯಲ್ಲ, ಕೂತುಕೊಂಡು ಸ್ವಲ್ಪ ಕೇಳಬೇಕು ಎನ್ನುತ್ತಾರೆ. ಊರಿಗೊಬ್ಬ ಶಾನುಭೋಗರನ್ನು ಕಂಡವರಿಗೆ ಆ ‘ಸ್ವಲ್ಪ’ ಎಷ್ಟೆಂದು ಗೊತ್ತು.

2021ರ ಸೆಪ್ಟೆಂಬರಿನಲ್ಲಿ ಉತ್ತರಡಯಾಬ್ಲೊದ ಜೀರ್ಣೋದ್ಧಾರವಾಗಿ ಹೊಸ ಪ್ರತಿ ಬಂತು. ಕಾಸು ಕೊಟ್ಟು ಕೊಂಡೆ. ಲುಪ್ತಭಾಗ ಮೊದಲ ಬಾರಿಗೆ ನೋಡಿದೆ. ಮುಸುಕಿನವನು ಬೇರೆ ಯಾರೂ ಅಲ್ಲ, ಪೂರ್ವಡಯಾಬ್ಲೊದ ನಾಯಕನೇ. ಡಯಾಬ್ಲೊನನ್ನು ಕೊಂದು, ಅವನ ಆತ್ಮವಿದ್ದ ಕಲ್ಲನ್ನು ಬೇರೆಲ್ಲೂ ಬಿಡಲಾಗದೆ ತನ್ನ ಹಣೆಗೇ ಚುಚ್ಚಿಕೊಂಡು, ಕಡೆಗೆ ತಾನೇ ಡಯಾಬ್ಲೊ ಆಗುತ್ತಾನೆ. ಅಂದರೆ ಹದಿನಾರು ಅಂತಸ್ತು ನಾನೇ ಕೈಹಿಡಿದು ನಡೆಸಿದವನನ್ನು ಎರಡನೇ ಆಟದಲ್ಲಿ ನಾನೇ ಕೊಂದಿದ್ದೆ, ಗುರುತೂ ಹಿಡಿಯದೆ, ಅವನ ಮೈಯಿಂದ ಏನೇನು ಉದುರಿತೆಂದು ನೋಡುತ್ತ. ಸ್ವಲ್ಪ ಹೊತ್ತು ಮೌಸ್ ಬಿಟ್ಟು ಕೂತೆ. ಆಮೇಲೆ ಯೋಚಿಸಿದರೆ, ಕಲ್ಲಿಡಲು ಚೀಲದಲ್ಲಿ ಜಾಗವಿಲ್ಲದ್ದಕ್ಕೇ ಅಲ್ಲವೇ ಅವನು ಹಣೆಗೆ ಚುಚ್ಚಿಕೊಂಡದ್ದು? ಸಿದ್ಧಾಂತ ಬದಲಿಸುವ ಅಗತ್ಯ ಕಾಣಲಿಲ್ಲ.

ಕೊನೆಯ ಅಧಿಕರಣ ಅಪೂರ್ಣವಾಗಿದೆ. ಪೂರ್ವಡಯಾಬ್ಲೊದಲ್ಲಿ ವರ್ಟ್ ಎಂಬ ಮರಗಾಲಿನ ಹುಡುಗನಿದ್ದಾನೆ. ತನ್ನ ಸರಕನ್ನು ಬರೀ ತೋರಿಸುವುದಕ್ಕೇ 50 ಚಿನ್ನ ಕೀಳುತ್ತಾನೆ. ಕೊಳ್ಳುವುದು ಬೇರೆ ಲೆಕ್ಕ. ಅದೇ ಊರಿನಲ್ಲಿ ಹಸುಗಳಿವೆ. ಒತ್ತಿದರೆ ‘ಅಂಬಾ’ ಎನ್ನುತ್ತವೆ. ಸರಿಯಾದಷ್ಟು ಸಲ ಒತ್ತಿದರೆ ಹಸುಗಳದೇ ಒಂದು ಗುಪ್ತಲೋಕ ತೆರೆಯುತ್ತದೆ ಎಂದು ಯಾರೋ ಹಬ್ಬಿಸಿದರು. ಸುಳ್ಳು. ಬ್ಲಿಜಾರ್ಡ್‌ನವರು 1998ರ ಸ್ಟಾರ್‌ಕ್ರಾಫ್ಟ್ ಆಟದ ಒಂದು ಗುಟ್ಟಿನ ಸಂಕೇತದಲ್ಲೇ ಹಸುಗಳ ಲೆವೆಲ್ ಇಲ್ಲ ಎಂದು ಸಾರಿದರು. ಸಾರಿದ ಮೇಲೆ ಉತ್ತರಡಯಾಬ್ಲೊದಲ್ಲಿ ನಿಜವಾಗಿಯೂ ಕಟ್ಟಿದರು. ಸತ್ತುಬಿದ್ದಿರುವ ವರ್ಟ್‌ನ ಮರಗಾಲನ್ನು ತಂದು, ಪೋರ್ಟಲ್ ಪುಸ್ತಕದ ಜೊತೆ ಕ್ಯೂಬಿಗೆ ಹಾಕಿ ಬೆರೆಸಿದರೆ ಕೆಂಪು ಬಾಗಿಲು. ಒಳಗೆ ಹುಲ್ಲುಗಾವಲು, ಎರಡು ಕಾಲಿನ ಮೇಲೆ ನಿಂತು ಕೈಯಲ್ಲಿ ಉದ್ದನೆಯ ಗಂಡುಗೊಡಲಿ ಹಿಡಿದ ಹಸುಗಳ ಹಿಂಡು.

ಕೆಂಪು ಬಾಗಿಲು ದಾಟಿದ್ದೆ. ಮೊದಲ ಹಸುವಿನ ಮೇಲೆ ಮೌಸ್ ಹೋಗಿತ್ತು.

‘ಏಯ್! ಹಸು ಕಣೋ ಅದು!’

‘ರಾಕ್ಷಸ ಅಜ್ಜಿ. ನೋಡಿ, ಕೊಡಲಿ ಹಿಡ್ಕೊಂಡಿದೆ.’

‘ಕೊಡಲಿ ಯಾರು ಬೇಕಾದ್ರೂ ಹಿಡ್ಕೋತಾರೆ. ನೀನು ಆಡ್ಸೋ ಆ ಹುಡುಗ ಅಲ್ಲಿಗೆ ಬಂದು ಎಷ್ಟು ದಿನ ಆಯ್ತು?’

ಲೆಕ್ಕ ಹಾಕಿದೆ. ‘ಎರಡು ತಿಂಗಳು.’

‘ಊಟ ಏನು ಮಾಡ್ದ?’

ಉತ್ತರವಿರಲಿಲ್ಲ. ಎರಡೂ ಆಟಗಳನ್ನು ಅಂಚಿನಿಂದ ಅಂಚಿಗೆ ಶೋಧಿಸಿದ್ದೆ. ಟ್ರಿಸ್ಟ್ರಮ್‌ನಲ್ಲಿ ರೈಸಿಂಗ್ ಸನ್ ಎಂಬ ಹೋಟೆಲೇ ಇದೆ, ಮಾಲೀಕ ಆಗ್ಡೆನ್ ಬಾಗಿಲಲ್ಲೇ ನಿಂತಿರುತ್ತಾನೆ, ಊರಿನ ಸುದ್ದಿಯನ್ನೆಲ್ಲ ಹೇಳುತ್ತಾನೆ. ತಿನ್ನಲು ಏನೂ ಕೊಡುವುದಿಲ್ಲ. ಒಬ್ಬನೇ ಒಬ್ಬ ರಾಕ್ಷಸನ ಮೈಯಿಂದಲೂ ಒಂದು ರೊಟ್ಟಿ ಉದುರಿದ್ದಿಲ್ಲ.

‘ಇಷ್ಟೊಂದು ಹಸು ಇಟ್ಕೊಂಡು ಒಂದು ಲೋಟ ಹಾಲು ಕೊಡೋ ದಿಕ್ಕಿಲ್ವಲ್ಲೋ’ ಎಂದು ಅಜ್ಜಿ ಎದ್ದರು. ‘ನೀನು ಬಾ, ಬಿಸಿ ಮಾಡ್ತೀನಿ.’

ಅಡುಗೆಮನೆಗೆ ಹೋಗಿ ಹಾಲು ಕುಡಿದೆ. ಏಳುವಾಗ ಎಸ್ಕೇಪ್ ಒತ್ತುವುದನ್ನು ಮರೆತಿದ್ದೆ. ಬಂದು ನೋಡುವಾಗ ಹಸುಗಳೆಲ್ಲ ನನ್ನ ಹೆಣದ ಸುತ್ತ ನಿಂತಿದ್ದವು. ಚೀಲದಲ್ಲಿ ಇನ್ನೂ ಎರಡು ಚೌಕ ಖಾಲಿಯಿತ್ತು.